ಸಿಪಿಎಲ್ ಲಿಖಿತ ಪರೀಕ್ಷೆಗೆ ಓದುವ ಕ್ರಮ: ಡಿಜಿಸಿಎ ಪತ್ರಿಕೆಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಭಾರತದಲ್ಲಿ ವಿಮಾನಯಾನ ಸಂಸ್ಥೆಯೊಂದಕ್ಕೆ ಪೈಲಟ್ ಆಗಿ ಸೇರಬೇಕೆನ್ನುವವರು ಮೊದಲು ಕಮರ್ಷಿಯಲ್ ಪೈಲಟ್ ಲೈಸೆನ್ಸ್, ಅಂದರೆ ಎಲ್ಲರೂ ಹೇಳುವ ಸಿಪಿಎಲ್, ಪಡೆಯಬೇಕು. ಅದಕ್ಕೆ 18 ವರ್ಷ ತುಂಬಿರಬೇಕು, ಪಿಯುಸಿ ಮಟ್ಟದಲ್ಲಿ ಭೌತಶಾಸ್ತ್ರ ಮತ್ತು ಗಣಿತ ಪಾಸಾಗಿರಬೇಕು, 200 ಗಂಟೆಗಳ ಹಾರಾಟ ಪೂರೈಸಿರಬೇಕು. ಇವುಗಳ ಜೊತೆಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ನಡೆಸುವ ಲಿಖಿತ ಪತ್ರಿಕೆಗಳಲ್ಲಿ ಪ್ರತಿಯೊಂದರಲ್ಲೂ ಶೇಕಡ 70 ಅಂಕ ಗಳಿಸಬೇಕು. ಕ್ಯಾಪ್ಟನ್ ಆಗಲು ಬೇಕಾಗುವ ಏರ್‌ಲೈನ್ ಟ್ರಾನ್ಸ್‌ಪೋರ್ಟ್ ಪೈಲಟ್ ಲೈಸೆನ್ಸ್, ಅಂದರೆ ಎಟಿಪಿಎಲ್, ಪರೀಕ್ಷೆಗಳು ಇದರ ಮುಂದಿನ ಮೆಟ್ಟಿಲು. ಆ ಲೈಸೆನ್ಸ್‌ಗೆ 21 ವರ್ಷ ವಯಸ್ಸು ಮತ್ತು 1500 ಗಂಟೆಗಳ ಹಾರಾಟ ಬೇಕು. ಈ ಲೇಖನ ಸಿಪಿಎಲ್ ಪತ್ರಿಕೆಗಳಿಗೆ ಸೀಮಿತವಾದರೂ, ಇಲ್ಲಿ ಸರಿಯಾಗಿ ಓದಿದವರಿಗೆ ಎಟಿಪಿಎಲ್‌ನ ಬಹುಪಾಲು ಹೊಸದಾಗಿ ಕಾಣುವುದಿಲ್ಲ.

ಪ್ರಶ್ನೆಗಳೆಲ್ಲ ಬಹು ಆಯ್ಕೆಯವು. ಈ ಕಾರಣಕ್ಕೇ ಹಳೆಯ ಪ್ರಶ್ನೆಗಳ ಸಂಗ್ರಹವೊಂದನ್ನು ಬಾಯಿಪಾಠ ಮಾಡಿದರೆ ಸಾಕೆಂಬ ನಂಬಿಕೆ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ಪ್ರಶ್ನಸಂಗ್ರಹ ಬೇಡವೆಂದು ನಾನು ಹೇಳುವುದಿಲ್ಲ, ಆದರೆ ಅದರ ಜಾಗ ಓದಿನ ಕೊನೆಯಲ್ಲಿ. ಅಂಕಿಯೊಂದು ಬದಲಾದರೆ, ಉತ್ತರ ದಿಕ್ಕಿನ ಬದಲು ದಕ್ಷಿಣ ಎಂದು ಕೇಳಿದರೆ, ಬಾಯಿಪಾಠ ಅಲ್ಲಿಗೆ ಕೈಕೊಡುತ್ತದೆ. ಮೇಲಾಗಿ ವಿಮಾನಯಾನ ಸಂಸ್ಥೆಗಳು ತಮ್ಮ ಆಯ್ಕೆಯ ಪರೀಕ್ಷೆಯಲ್ಲೂ ಸಂದರ್ಶನದಲ್ಲೂ ಇದೇ ವಿಷಯಗಳನ್ನು ಮತ್ತೆ ಕೆದಕುತ್ತವೆ. ಆದ್ದರಿಂದ ಲೆಕ್ಕವನ್ನು ಮೂಲದಿಂದ ಮಾಡುವ ಅಭ್ಯಾಸಕ್ಕೆ, ಮಾಡಿದ ಲೆಕ್ಕವನ್ನು ತಾನೇ ಪರಿಶೀಲಿಸುವ ಅಭ್ಯಾಸಕ್ಕೆ, ಈ ಮಾರ್ಗದರ್ಶಿಯಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪುಸ್ತಕ ತೆರೆಯುವ ಮೊದಲು

ಮೊದಲ ಕೆಲಸ ವೈದ್ಯಕೀಯ ಪರೀಕ್ಷೆ. ಡಿಜಿಸಿಎ ಮಾನ್ಯ ಮಾಡಿದ ವೈದ್ಯರಲ್ಲಿ ಕ್ಲಾಸ್ 2 ಪರೀಕ್ಷೆ ಮುಗಿಸಿ, ಅನಂತರ ಕ್ಲಾಸ್ 1 ಪರೀಕ್ಷೆಗೆ ಹೋಗಬೇಕು. ಕ್ಲಾಸ್ 1 ನಡೆಯುವ ಮುಖ್ಯ ಕೇಂದ್ರಗಳಲ್ಲಿ ಒಂದಾದ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಬೆಂಗಳೂರಿನಲ್ಲೇ ಇರುವುದು ನಮ್ಮ ಕಡೆಯವರಿಗೆ ಅನುಕೂಲ. ಬಣ್ಣ ಗುರುತಿಸುವ ಶಕ್ತಿಯಲ್ಲಿ ದೋಷವಿದ್ದರೆ ಅದು ಇಲ್ಲೇ ಗೊತ್ತಾಗುತ್ತದೆ. ಗ್ರೌಂಡ್ ಕ್ಲಾಸಿಗೆ ಲಕ್ಷಗಟ್ಟಲೆ ಶುಲ್ಕ ಕಟ್ಟಿದ ಮೇಲೆ ಇದು ತಿಳಿಯುವುದಕ್ಕಿಂತ ಮೊದಲೇ ತಿಳಿಯುವುದು ಮನೆಯವರಿಗೂ ಒಳ್ಳೆಯದು.

ಎರಡನೆಯದು ಕಂಪ್ಯೂಟರ್ ನಂಬರ್. ಇದು ಡಿಜಿಸಿಎ ಅಭ್ಯರ್ಥಿಗೆ ಕೊಡುವ ಗುರುತಿನ ಸಂಖ್ಯೆ; ಇದಿಲ್ಲದೆ ಪರೀಕ್ಷೆಗೆ ಅರ್ಜಿ ಹಾಕಲಾಗುವುದಿಲ್ಲ. ಅಂಕಪಟ್ಟಿಗಳು ನೈಜವೆಂದು ಸಂಬಂಧಪಟ್ಟ ಬೋರ್ಡ್ ದೃಢಪಡಿಸಬೇಕಾದ್ದರಿಂದ ಈ ಕೆಲಸ ವಾರಗಟ್ಟಲೆ ಎಳೆಯಬಹುದು. ಓದಲು ಕುಳಿತ ದಿನವೇ ಇದಕ್ಕೂ ಕೈಹಾಕಬೇಕು. ಹತ್ತನೆಯ ತರಗತಿಯ ಅಂಕಪಟ್ಟಿ, ಪಿಯುಸಿ ಅಂಕಪಟ್ಟಿ ಮತ್ತು ಆಧಾರ್ ಮೂರರಲ್ಲೂ ಹೆಸರಿನ ಅಕ್ಷರಗಳು, ಇನಿಷಿಯಲ್ ಬರುವ ಜಾಗ ಒಂದೇ ರೀತಿ ಇವೆಯೇ ಎಂದು ನೋಡಿಕೊಳ್ಳಿ. ತಂದೆಯ ಹೆಸರನ್ನೋ ಊರಿನ ಹೆಸರನ್ನೋ ಇನಿಷಿಯಲ್ ಆಗಿ ಇಟ್ಟುಕೊಳ್ಳುವ ನಮ್ಮ ರೂಢಿಯಿಂದಾಗಿ ದಾಖಲೆಗಳಲ್ಲಿ ಹೆಸರು ಹೊಂದದೆ ಅರ್ಜಿ ಹಿಂದೆ ಬರುವುದು ಅಪರೂಪವಲ್ಲ. ಪಿಯುಸಿಯಲ್ಲಿ ವಾಣಿಜ್ಯ ಅಥವಾ ಕಲಾ ವಿಭಾಗ ಓದಿದವರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಭೌತಶಾಸ್ತ್ರ ಮತ್ತು ಗಣಿತವನ್ನು ಪ್ರತ್ಯೇಕವಾಗಿ ಪಾಸು ಮಾಡಿಕೊಳ್ಳಬಹುದು.

ಪತ್ರಿಕೆಗಳು ಮತ್ತು ಓದುವ ಸರದಿ

ಏರ್ ನ್ಯಾವಿಗೇಷನ್, ಏವಿಯೇಷನ್ ಮೆಟಿಯರಾಲಜಿ, ಏರ್ ರೆಗ್ಯುಲೇಷನ್ಸ್, ಟೆಕ್ನಿಕಲ್ ಜನರಲ್, ಟೆಕ್ನಿಕಲ್ ಸ್ಪೆಸಿಫಿಕ್ ಎಂದು ಐದು ಪತ್ರಿಕೆಗಳು. ಇವಲ್ಲದೆ ರೇಡಿಯೊ ಮಾತುಕತೆಯ ಆರ್‌ಟಿಆರ್ ಪರೀಕ್ಷೆ ಬೇರೆ. ನಿಯಮಿತ ಪರೀಕ್ಷೆಗಳು ವರ್ಷಕ್ಕೆ ನಾಲ್ಕು ಬಾರಿ ನಡೆಯುತ್ತವೆ. ಬೇಡಿಕೆಯ ಮೇರೆಗೆ ಬರೆಯುವ ಆನ್‌ಲೈನ್ ಪರೀಕ್ಷೆಯ ವ್ಯವಸ್ಥೆಯೂ ಇದೆ. ಎಲ್ಲ ಪತ್ರಿಕೆಗಳನ್ನೂ ಒಂದೇ ಬಾರಿಗೆ ಬರೆಯಲೇಬೇಕೆಂಬ ಕಡ್ಡಾಯವಿಲ್ಲ.

ಬಹಳ ಜನ ಸುಲಭವೆಂದು ರೆಗ್ಯುಲೇಷನ್ಸ್ ಮೊದಲು ಮುಗಿಸಿ, ನ್ಯಾವಿಗೇಷನ್ನನ್ನು ಕೊನೆಗೆ ತಳ್ಳುತ್ತಾರೆ. ಇದು ತಲೆಕೆಳಗಾದ ಸರದಿ ಎಂದೇ ನನ್ನ ಅಭಿಪ್ರಾಯ. ನ್ಯಾವಿಗೇಷನ್ ಕೈಗೆ ಹತ್ತಬೇಕಾದ ವಿದ್ಯೆ. ಅದು ದಿನಕ್ಕೆ ಒಂದೂವರೆ ಗಂಟೆಯಂತೆ ಮೊದಲ ದಿನದಿಂದ ಕೊನೆಯ ದಿನದವರೆಗೆ ನಡೆಯಬೇಕು. ಅದರ ಪಕ್ಕದಲ್ಲಿ ಮೊದಲು ಮೆಟಿಯರಾಲಜಿ, ಆಮೇಲೆ ಟೆಕ್ನಿಕಲ್ ಜನರಲ್ ಓದಬೇಕು. ನೆನಪಿನ ಮೇಲೆ ನಿಂತ ರೆಗ್ಯುಲೇಷನ್ಸ್ ಪರೀಕ್ಷೆಗೆ ಹತ್ತಿರವಾದಷ್ಟೂ ಒಳ್ಳೆಯದು. ಟೆಕ್ನಿಕಲ್ ಸ್ಪೆಸಿಫಿಕ್ ನಿರ್ದಿಷ್ಟ ಮಾದರಿಯ ವಿಮಾನವೊಂದರ ಮೇಲಿನ ಪತ್ರಿಕೆಯಾದ್ದರಿಂದ, ತರಬೇತಿ ಶಾಲೆಯಲ್ಲಿ ಯಾವ ವಿಮಾನ ಹಾರಿಸುತ್ತೀರಿ ಎಂಬುದು ಖಚಿತವಾದ ಮೇಲೆ, ಆ ವಿಮಾನದ ಕೈಪಿಡಿಯನ್ನೇ ಮುಂದಿಟ್ಟುಕೊಂಡು ಓದುವುದು ಜಾಣತನ. ದಿನಕ್ಕೆ ನಾಲ್ಕೈದು ಗಂಟೆ ಬಿಡದೆ ಕೂರುವವರಿಗೆ ಒಟ್ಟು ಐದಾರು ತಿಂಗಳು ಸಾಕಾದೀತು.

ನ್ಯಾವಿಗೇಷನ್: ಲೆಕ್ಕ, ಮತ್ತೆ ಲೆಕ್ಕ

ಭೂಮಿಯ ಆಕಾರ, ಅಕ್ಷಾಂಶ, ರೇಖಾಂಶ, ಕಾಲಗಣನೆ ಇವುಗಳಿಂದ ಆರಂಭಿಸಿ. ಭೂಮಿ ಒಂದು ಗಂಟೆಗೆ 15 ಡಿಗ್ರಿ ತಿರುಗುತ್ತದೆ, ಅಂದರೆ ಒಂದು ಡಿಗ್ರಿಗೆ ನಾಲ್ಕು ನಿಮಿಷ. ಭಾರತೀಯ ಕಾಲಮಾನ 82 ಡಿಗ್ರಿ 30 ಮಿನಿಟು ಪೂರ್ವ ರೇಖಾಂಶದ್ದು, ಅದಕ್ಕೇ ಅದು ಜಗತ್ತಿಗೆಲ್ಲ ಸಾಮಾನ್ಯವಾದ ಪ್ರಮಾಣ ಕಾಲವಾದ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ. ಬೆಂಗಳೂರನ್ನು ಸುಮಾರು 77 ಡಿಗ್ರಿ 30 ಮಿನಿಟು ಎಂದು ಹಿಡಿದರೆ, ಅಲ್ಲಿಯ ಸ್ಥಳೀಯ ಸರಾಸರಿ ಕಾಲ 310 ನಿಮಿಷ, ಅಂದರೆ 5 ಗಂಟೆ 10 ನಿಮಿಷ ಮುಂದೆ. ನಮ್ಮ ಗಡಿಯಾರಕ್ಕಿಂತ 20 ನಿಮಿಷ ಹಿಂದೆ. ಪರೀಕ್ಷೆಯಲ್ಲಿ ಬರುವ ಸೂರ್ಯೋದಯದ ಪ್ರಶ್ನೆಗಳೆಲ್ಲ ಈ ಲೆಕ್ಕದ ಮೇಲೇ ನಿಂತಿವೆ. ನಿಮ್ಮ ಊರಿನ ರೇಖಾಂಶ ಹುಡುಕಿ ಇದೇ ಲೆಕ್ಕವನ್ನು ಒಮ್ಮೆ ಮಾಡಿ ನೋಡಿ.

ಮುಂದಿನದು ದಿಕ್ಕುಗಳ ಸರಣಿ: ಟ್ರೂ (ಭೌಗೋಳಿಕ ಉತ್ತರದಿಂದ ಅಳೆದದ್ದು), ಮ್ಯಾಗ್ನೆಟಿಕ್ (ಕಾಂತೀಯ ಉತ್ತರದಿಂದ ಅಳೆದದ್ದು), ಕಂಪಾಸ್ (ವಿಮಾನದ ದಿಕ್ಸೂಚಿ ತೋರಿಸುವುದು). ಮೊದಲ ಎರಡರ ಅಂತರ ವೇರಿಯೇಷನ್, ಕೊನೆಯ ಎರಡರ ಅಂತರ ಡೀವಿಯೇಷನ್. ಟ್ರೂನಿಂದ ಮ್ಯಾಗ್ನೆಟಿಕ್‌ಗೆ ಹೋಗುವಾಗ ವೇರಿಯೇಷನ್ ಪಶ್ಚಿಮವಾದರೆ ಕೂಡಿಸಬೇಕು, ಪೂರ್ವವಾದರೆ ಕಳೆಯಬೇಕು. ಮ್ಯಾಗ್ನೆಟಿಕ್‌ನಿಂದ ಕಂಪಾಸ್‌ಗೆ ಹೋಗುವಾಗ ಡೀವಿಯೇಷನ್‌ಗೂ ಇದೇ ನಿಯಮ. ಟ್ರೂ 100 ಡಿಗ್ರಿ, ವೇರಿಯೇಷನ್ 2 ಪಶ್ಚಿಮ ಎಂದರೆ ಮ್ಯಾಗ್ನೆಟಿಕ್ 102. ಡೀವಿಯೇಷನ್ 3 ಪೂರ್ವ ಎಂದರೆ ಕಂಪಾಸ್ 99. ಪ್ರಶ್ನೆ ಹಿಮ್ಮುಖವಾಗಿ ಬಂದಾಗ ಚಿಹ್ನೆಗಳು ತಿರುಗುತ್ತವೆ. ಎಡವುವವರು ಎಡವುವುದು ಇಲ್ಲಿಯೇ. ಪ್ರತಿ ಸಲವೂ ಮೂರು ದಿಕ್ಕುಗಳನ್ನು ಒಂದರ ಕೆಳಗೊಂದು ಬರೆದುಕೊಂಡು ಖಾಲಿ ಜಾಗ ತುಂಬುವ ಪದ್ಧತಿ ಇಟ್ಟುಕೊಂಡರೆ ಈ ಗೊಂದಲವಿರುವುದಿಲ್ಲ.

ಗಾಳಿಯ ತ್ರಿಕೋನಕ್ಕೆ ಸಿಆರ್‌ಪಿ-5 ಮಾದರಿಯ ಫ್ಲೈಟ್ ಕಂಪ್ಯೂಟರ್ ಬಳಸುವುದನ್ನು ಕಲಿಯಬೇಕು. ಇದು ಹೆಸರಿಗೆ ಕಂಪ್ಯೂಟರ್, ನಿಜದಲ್ಲಿ ತಿರುಗುವ ಬಿಲ್ಲೆ ಮತ್ತು ಸರಿಯುವ ಪಟ್ಟಿಯ ಸಾಧನ. ಅದನ್ನು ತಿರುಗಿಸುವ ಮೊದಲು ಕಾಗದದ ಮೇಲೆ ಬಾಣಗಳನ್ನು ಎಳೆದು, ವಿಮಾನ ಎಡಕ್ಕೆ ಸರಿಯುತ್ತದೋ ಬಲಕ್ಕೋ, ಗ್ರೌಂಡ್ ಸ್ಪೀಡ್, ಅಂದರೆ ನೆಲಕ್ಕೆ ಹೋಲಿಸಿದ ವೇಗ, ಹೆಚ್ಚುತ್ತದೋ ತಗ್ಗುತ್ತದೋ ಎಂದು ಅಂದಾಜು ಬರೆದಿಡಿ. ನಾಲ್ಕು ಆಯ್ಕೆಗಳಲ್ಲಿ ಎರಡು ಈ ಅಂದಾಜಿನಲ್ಲೇ ಬಿದ್ದುಹೋಗುತ್ತವೆ.

ಕೈಯಲ್ಲೇ ಮಾಡಬೇಕಾದ ಲೆಕ್ಕಗಳೂ ಇವೆ. 40 ನಾಟಿಕಲ್ ಮೈಲಿ ಹಾರಿದ ಮೇಲೆ ವಿಮಾನ ಟ್ರ್ಯಾಕ್‌ನ ಎಡಕ್ಕೆ 4 ಮೈಲಿ ಸರಿದಿದೆ, ಇನ್ನೂ 60 ಮೈಲಿ ಬಾಕಿಯಿದೆ ಎನ್ನೋಣ. ಅರವತ್ತು ಮೈಲಿಗೆ ಒಂದು ಮೈಲಿ ಸರಿದರೆ ಸುಮಾರು ಒಂದು ಡಿಗ್ರಿ ಎಂಬ ‘ಅರವತ್ತಕ್ಕೆ ಒಂದರ’ ನಿಯಮದಂತೆ ಟ್ರ್ಯಾಕ್ ದೋಷ 4ನ್ನು 60ರಿಂದ ಗುಣಿಸಿ 40ರಿಂದ ಭಾಗಿಸಿದಷ್ಟು, ಅಂದರೆ 6 ಡಿಗ್ರಿ. ಬಾಕಿ ದೂರಕ್ಕೆ ಅದೇ ರೀತಿ 4 ಡಿಗ್ರಿ. ಗುರಿಗೆ ನೇರ ಹೋಗಬೇಕಾದರೆ 10 ಡಿಗ್ರಿ ಬಲಕ್ಕೆ ತಿರುಗಬೇಕು. ಕೇವಲ 6 ಡಿಗ್ರಿ ತಿರುಗಿದರೆ ವಿಮಾನ ಮೂಲ ಟ್ರ್ಯಾಕ್‌ಗೆ ಸಮಾನಾಂತರವಾಗಿ ಸಾಗುತ್ತದೆಯೇ ಹೊರತು ಗುರಿ ಮುಟ್ಟುವುದಿಲ್ಲ. ಆಯ್ಕೆಗಳಲ್ಲಿ 6 ಖಂಡಿತ ಇರುತ್ತದೆ.

ವಿದ್ಯಾರ್ಥಿಗಳು ಹೆಚ್ಚು ಹೆದರುವುದು ಕ್ರಿಟಿಕಲ್ ಪಾಯಿಂಟ್ ಮತ್ತು ಪಾಯಿಂಟ್ ಆಫ್ ನೋ ರಿಟರ್ನ್ ಎಂಬ ಎರಡು ಲೆಕ್ಕಗಳಿಗೆ. ದೂರ 500 ನಾಟಿಕಲ್ ಮೈಲಿ, ಹೋಗುವಾಗ ಎದುರುಗಾಳಿಯಿಂದಾಗಿ ಗ್ರೌಂಡ್ ಸ್ಪೀಡ್ 120 ನಾಟ್ (ಗಂಟೆಗೆ ಅಷ್ಟು ನಾಟಿಕಲ್ ಮೈಲಿ), ಮರಳುವಾಗ 180 ನಾಟ್, ಇಂಧನ ನಾಲ್ಕು ಗಂಟೆಗೆ ಆಗುವಷ್ಟು ಎಂದುಕೊಳ್ಳಿ. ಕ್ರಿಟಿಕಲ್ ಪಾಯಿಂಟ್ ಎಂದರೆ ಮುಂದೆ ಹೋಗಲೂ ಹಿಂದೆ ಬರಲೂ ಸಮಾನ ಸಮಯ ಹಿಡಿಯುವ ಜಾಗ: 500ನ್ನು 180ರಿಂದ ಗುಣಿಸಿ, ಎರಡು ವೇಗಗಳ ಮೊತ್ತವಾದ 300ರಿಂದ ಭಾಗಿಸಿದರೆ ಹೊರಟ ಜಾಗದಿಂದ 300 ಮೈಲಿ. ತಾಳೆ ನೋಡಿ: ಮುಂದೆ 200 ಮೈಲಿಯನ್ನು 120 ನಾಟ್‌ನಲ್ಲಿ ಹಾರಲು 1 ಗಂಟೆ 40 ನಿಮಿಷ, ಹಿಂದೆ 300 ಮೈಲಿಯನ್ನು 180 ನಾಟ್‌ನಲ್ಲಿ ಹಾರಲೂ ಅಷ್ಟೇ. ಇಂಧನಕ್ಕೆ ಈ ಲೆಕ್ಕದಲ್ಲಿ ಕೆಲಸವೇ ಇಲ್ಲ. ಇರುವ ಇಂಧನದಲ್ಲಿ ಹೊರಟ ಜಾಗಕ್ಕೆ ಮರಳಬಹುದಾದ ಕೊನೆಯ ಜಾಗವಾದ ಪಾಯಿಂಟ್ ಆಫ್ ನೋ ರಿಟರ್ನ್‌ಗೆ ಮಾತ್ರ ಇಂಧನ ಬೇಕು, ಅಲ್ಲಿ ಒಟ್ಟು ದೂರಕ್ಕೆ ಕೆಲಸವಿಲ್ಲ: 4 ಗಂಟೆಯನ್ನು 180ರಿಂದ ಗುಣಿಸಿ 300ರಿಂದ ಭಾಗಿಸಿದರೆ 2 ಗಂಟೆ 24 ನಿಮಿಷ, ಅಂದರೆ 288 ಮೈಲಿ, ಮರಳಲು 1 ಗಂಟೆ 36 ನಿಮಿಷ, ಒಟ್ಟು ಸರಿಯಾಗಿ 4 ಗಂಟೆ. ಯಾವ ಲೆಕ್ಕಕ್ಕೆ ಯಾವ ಅಂಕಿ ಬೇಡ ಎಂಬುದು ತಿಳಿದರೆ ಅರ್ಧ ಭಯ ಹೋಯಿತು. ಪ್ರಶ್ನೆ ಬರೆಯುವವರು ಬೇಡದ ಅಂಕಿಯನ್ನು ಬೇಕೆಂದೇ ಸೇರಿಸಿರುತ್ತಾರೆ.

ಈ ಪತ್ರಿಕೆಯಲ್ಲಿ ರೇಡಿಯೊ ಸಾಧನಗಳು ಮತ್ತು ವಿಮಾನದ ಉಪಕರಣಗಳೂ ಸೇರುತ್ತವೆ. ವಿಒಆರ್ (ದಿಕ್ಕು ತಿಳಿಸುವುದು), ಡಿಎಂಇ (ದೂರ ತಿಳಿಸುವುದು), ಐಎಲ್‌ಎಸ್ (ಇಳಿಯುವ ದಾರಿ ತೋರಿಸುವುದು) ಇವುಗಳನ್ನು ಓದುವಾಗ ಸೂಜಿ ಎತ್ತ ವಾಲುತ್ತದೆ ಎಂಬುದನ್ನು ಪ್ರತಿ ಬಾರಿಯೂ ಚಿತ್ರ ಬಿಡಿಸಿಯೇ ತೀರ್ಮಾನಿಸಿ.

ಮೆಟಿಯರಾಲಜಿ: ಕಿಟಕಿಯಾಚೆಗೆ ನೋಡಿ ಓದುವ ವಿಷಯ

ಅಂತರರಾಷ್ಟ್ರೀಯ ಪ್ರಮಾಣಿತ ವಾತಾವರಣದಿಂದ ಆರಂಭಿಸಿ: ಸಮುದ್ರಮಟ್ಟದಲ್ಲಿ 15 ಡಿಗ್ರಿ ಸೆಲ್ಸಿಯಸ್, 1013.25 ಹೆಕ್ಟೊಪಾಸ್ಕಲ್, ಪ್ರತಿ ಸಾವಿರ ಅಡಿಗೆ ಸುಮಾರು 2 ಡಿಗ್ರಿ ಇಳಿಕೆ, 11 ಕಿಲೋಮೀಟರ್ ಎತ್ತರದಲ್ಲಿ ಮೈನಸ್ 56.5 ಡಿಗ್ರಿ. ಇದನ್ನು ಬರಿದೆ ಕಂಠಪಾಠ ಮಾಡದೆ ನಮ್ಮ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹಚ್ಚಿ ನೋಡಿ. ಅದರ ಎತ್ತರ ಸುಮಾರು 3000 ಅಡಿ, ಪ್ರಮಾಣಿತ ಉಷ್ಣಾಂಶ ಅಲ್ಲಿ 9 ಡಿಗ್ರಿ ಇರಬೇಕು. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಇದ್ದರೆ 26 ಡಿಗ್ರಿ ಹೆಚ್ಚಾಯಿತು. ಒಂದೊಂದು ಡಿಗ್ರಿಗೆ 120 ಅಡಿಯಂತೆ 3120 ಅಡಿ ಕೂಡಿಸಿದರೆ, ಒತ್ತಡ ಪ್ರಮಾಣಿತವಾಗಿದ್ದಾಗಲೂ ಡೆನ್ಸಿಟಿ ಆಲ್ಟಿಟ್ಯೂಡ್, ಅಂದರೆ ಗಾಳಿಯ ಸಾಂದ್ರತೆಗೆ ತಕ್ಕ ಎತ್ತರ, 6000 ಅಡಿ ದಾಟುತ್ತದೆ. ಜಕ್ಕೂರಿನಲ್ಲಿ ಬೇಸಿಗೆಯ ಮಧ್ಯಾಹ್ನ ಸಣ್ಣ ತರಬೇತಿ ವಿಮಾನ ನೆಲ ಬಿಡಲು ಏಕೆ ಹೆಚ್ಚು ಓಡುತ್ತದೆ ಎಂಬುದಕ್ಕೆ ಉತ್ತರ ಇದೇ, ಮತ್ತು ಟೆಕ್ನಿಕಲ್ ಪತ್ರಿಕೆಯ ಎರಡು ಮೂರು ಪ್ರಶ್ನೆಗಳಿಗೂ ಇದೇ ಉತ್ತರ.

ಭಾರತದ ಹವಾಮಾನಕ್ಕೆ ಪತ್ರಿಕೆಯಲ್ಲಿ ದೊಡ್ಡ ಪಾಲು. ಋತುಗಳನ್ನು ನಾಲ್ಕು ಹಾಳೆಗಳಲ್ಲಿ ಬರೆದುಕೊಳ್ಳಿ: ಚಳಿಗಾಲದ ಪಶ್ಚಿಮದ ಕ್ಷೋಭೆಗಳು ಮತ್ತು ಉತ್ತರ ಬಯಲಿನ ಮಂಜು, ಮುಂಗಾರುಪೂರ್ವದ ಗುಡುಗುಮಳೆ, ಬಂಗಾಳದ ಕಾಲಬೈಸಾಖಿ, ವಾಯವ್ಯದ ಧೂಳುಬಿರುಗಾಳಿ, ನೈಋತ್ಯ ಮುಂಗಾರು, ಹಿಂಗಾರು ಮತ್ತು ಬಂಗಾಳಕೊಲ್ಲಿಯ ಚಂಡಮಾರುತಗಳು. ಕರ್ನಾಟಕದವರಿಗೆ ಇದರಲ್ಲಿ ಬಹಳಷ್ಟು ಕಣ್ಣಾರೆ ಕಂಡದ್ದೇ. ಆಗುಂಬೆಯಲ್ಲಿ ಸುರಿಯುವ ಮಳೆ ಚಿತ್ರದುರ್ಗ ತಲುಪದಿರುವುದು ಪುಸ್ತಕದ ಭಾಷೆಯಲ್ಲಿ ಪರ್ವತದ ಗಾಳಿಮುಖ ಮತ್ತು ಮಳೆನೆರಳು. ನಾವು ಮಾವಿನ ಮಳೆ ಎನ್ನುವುದು ಮುಂಗಾರುಪೂರ್ವದ ಗುಡುಗುಮಳೆ. ಮುಂಗಾರಿನ ದಿನಗಳಲ್ಲಿ ದಕ್ಷಿಣ ಭಾರತದ ಮೇಲೆ 14ರಿಂದ 16 ಕಿಲೋಮೀಟರ್ ಎತ್ತರದಲ್ಲಿ ಬೀಸುವ ಪೂರ್ವದ ಜೆಟ್ ಗಾಳಿಯನ್ನು, ಚಳಿಗಾಲದಲ್ಲಿ ಉತ್ತರ ಭಾರತದ ಮೇಲಿನ ಪಶ್ಚಿಮದ ಜೆಟ್ ಗಾಳಿಯನ್ನು ಅಕ್ಕಪಕ್ಕದಲ್ಲಿಟ್ಟು ಓದಿ.

ಹಳೆಯ ಟಿಪ್ಪಣಿಗಳ ವಿಷಯದಲ್ಲಿ ಎಚ್ಚರವಿರಲಿ. ಮುಂಗಾರು ಇಡೀ ದೇಶವನ್ನು ಆವರಿಸುವ ಸಾಮಾನ್ಯ ದಿನಾಂಕವನ್ನು ಹವಾಮಾನ ಇಲಾಖೆ 2020ರಲ್ಲಿ ಜುಲೈ 15ರಿಂದ ಜುಲೈ 8ಕ್ಕೂ, ವಾಯವ್ಯದಿಂದ ಹಿಂದೆ ಸರಿಯತೊಡಗುವ ದಿನಾಂಕವನ್ನು ಸೆಪ್ಟೆಂಬರ್ 1ರಿಂದ 17ಕ್ಕೂ ಬದಲಿಸಿತು. ಕೇರಳಕ್ಕೆ ಜೂನ್ 1 ಹಾಗೆಯೇ ಉಳಿಯಿತು. ನಿಮ್ಮ ಕೈಲಿರುವ ಪ್ರಶ್ನಸಂಗ್ರಹ ಯಾವ ಕಾಲದ್ದೆಂದು ತಿಳಿಯಲು ಇದೊಂದು ಒಳ್ಳೆಯ ಒರೆಗಲ್ಲು.

ವಿಮಾನ ನಿಲ್ದಾಣದ ಹವಾಮಾನ ವರದಿಯಾದ ಮೆಟಾರ್ ಓದುವುದನ್ನು ದಿನಚರಿ ಮಾಡಿಕೊಳ್ಳಿ. ಬೆಂಗಳೂರಿನ ವರದಿಯೊಂದರಲ್ಲಿ ‘120030ಝಡ್ 09006ಕೆಟಿ 1500 ಬಿಆರ್ 17/16 ಕ್ಯೂ1018’ ಎಂಬ ಭಾಗಗಳಿವೆ ಎನ್ನೋಣ. ತಿಂಗಳ 12ನೆಯ ದಿನ, ಯುಟಿಸಿ 00.30, ಅಂದರೆ ನಮ್ಮ ಬೆಳಗಿನ ಆರು ಗಂಟೆ, ಗಾಳಿ 090 ಡಿಗ್ರಿಯಿಂದ 6 ನಾಟ್, ಗೋಚರತೆ 1500 ಮೀಟರ್, ತೆಳುಮಂಜು, ಉಷ್ಣಾಂಶ 17, ಇಬ್ಬನಿಬಿಂದು 16, ಕ್ಯೂಎನ್‌ಎಚ್, ಅಂದರೆ ಸಮುದ್ರಮಟ್ಟಕ್ಕೆ ಇಳಿಸಿದ ಒತ್ತಡ, 1018. ಉಷ್ಣಾಂಶಕ್ಕೂ ಇಬ್ಬನಿಬಿಂದುವಿಗೂ ಒಂದೇ ಡಿಗ್ರಿ ಅಂತರವಿರುವುದರಿಂದ ಇನ್ನು ಸ್ವಲ್ಪ ತಣಿದರೂ ಗೋಚರತೆ 1000 ಮೀಟರ್‌ಗಿಂತ ಕೆಳಗಿಳಿದು ದಟ್ಟ ಮಂಜಾಗಬಹುದು ಎಂದು ಊಹಿಸುವಷ್ಟು ಕಲಿತರೆ ಓದು ಸರಿದಾರಿಯಲ್ಲಿದೆ. ಮೆಟಾರ್‌ನ ಗಾಳಿಯ ದಿಕ್ಕು ಟ್ರೂ, ಟವರ್ ಬಾಯಲ್ಲಿ ಹೇಳುವುದು ಮ್ಯಾಗ್ನೆಟಿಕ್ ಎಂಬುದನ್ನೂ ಗುರುತು ಹಾಕಿಕೊಳ್ಳಿ.

ಟೆಕ್ನಿಕಲ್ ಜನರಲ್

ಹಾರಾಟದ ತತ್ವ, ಎಂಜಿನ್, ಉಪಕರಣ, ವಿದ್ಯುತ್ ವ್ಯವಸ್ಥೆ ಎಲ್ಲವೂ ಇಲ್ಲಿ ಬರುತ್ತವೆ. ಕಾರಣದಿಂದ ಪರಿಣಾಮಕ್ಕೆ ನಡೆದು ನೋಡುವುದೇ ಇದನ್ನು ಓದುವ ರೀತಿ. ಎದುರಿನಿಂದ ಬರುವ ಗಾಳಿಯ ಒತ್ತಡ ಹಿಡಿಯುವ ಪಿಟಾಟ್ ನಳಿಕೆ ಮತ್ತು ಅದರ ನೀರು ಹೊರಹೋಗುವ ರಂಧ್ರ ಎರಡೂ ಕಟ್ಟಿಕೊಂಡಿವೆ, ವಿಮಾನ ಏರುತ್ತಿದೆ, ಏರ್‌ಸ್ಪೀಡ್ ಇಂಡಿಕೇಟರ್ ಏನು ತೋರಿಸುತ್ತದೆ? ಒಳಗಿನ ಪೆಟ್ಟಿಗೆಯಲ್ಲಿ ಹಳೆಯ ಒತ್ತಡ ಸಿಕ್ಕಿಬಿದ್ದಿದೆ, ಸುತ್ತಲಿನ ಸ್ಟ್ಯಾಟಿಕ್ ಒತ್ತಡ ಇಳಿಯುತ್ತಿದೆ, ಎರಡರ ವ್ಯತ್ಯಾಸ ಬೆಳೆಯುತ್ತಿದೆ. ಆದ್ದರಿಂದ ನಿಜವಾದ ವೇಗ ಬದಲಾಗದಿದ್ದರೂ ಸೂಜಿ ಏರುತ್ತದೆ. ಸ್ಟ್ಯಾಟಿಕ್ ರಂಧ್ರ ಕಟ್ಟಿಕೊಂಡರೆ ಎತ್ತರ ತೋರಿಸುವ ಆಲ್ಟಿಮೀಟರ್ ಇದ್ದಲ್ಲೇ ನಿಲ್ಲುತ್ತದೆ, ವೇಗದ ಸೂಜಿ ಏರುವಾಗ ಕಡಿಮೆ ತೋರಿಸುತ್ತದೆ. ಇಳಿಯುವಾಗ ಏನಾಗುತ್ತದೆ ಎಂಬುದನ್ನು ಪುಸ್ತಕ ನೋಡದೆ ನೀವೇ ಹೇಳಿಕೊಳ್ಳಿ. ಹಾಗೆಯೇ 60 ಡಿಗ್ರಿ ಬ್ಯಾಂಕ್‌ನ (ಓರೆಯಾದ) ಸಮತಲ ತಿರುವಿನಲ್ಲಿ ಲೋಡ್ ಫ್ಯಾಕ್ಟರ್, ಅಂದರೆ ರೆಕ್ಕೆ ಹೊರುವ ಭಾರ ವಿಮಾನದ ತೂಕದ ಎಷ್ಟು ಪಟ್ಟು ಎಂಬುದು, 2; ರೆಕ್ಕೆಗೆ ವಿಮಾನವನ್ನು ಎತ್ತಿಹಿಡಿಯಲಾಗದ ಮಿತಿಯಾದ ಸ್ಟಾಲ್ ವೇಗ ಅದರ ವರ್ಗಮೂಲದಷ್ಟು ಪಟ್ಟಾಗುತ್ತದೆ. 50 ನಾಟ್ ಇದ್ದದ್ದು ಸುಮಾರು 71 ಆಗುತ್ತದೆ.

ರೆಗ್ಯುಲೇಷನ್ಸ್

ಇಲ್ಲಿ ನೆನಪೇ ಬಂಡವಾಳ, ಸುತ್ತಿ ಬಳಸುವುದು ಬೇಡ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನದ 1944ರ ಷಿಕಾಗೊ ಒಪ್ಪಂದದ 19 ಅನೆಕ್ಸ್‌ಗಳು (ಅನುಬಂಧಗಳು), 1937ರ ಏರ್‌ಕ್ರಾಫ್ಟ್ ನಿಯಮಗಳು, ಹಾರಾಟದ ನಿಯಮಗಳು, ವಾಯುಪ್ರದೇಶದ ವರ್ಗಗಳು, ದೀಪದ ಸಂಕೇತಗಳು. ದೀಪದ ಸಂಕೇತಗಳಿಗೆ ಎರಡು ಕಾಲಂ ಮಾಡಿ, ಒಂದು ನೆಲದ ಮೇಲಿರುವಾಗ, ಇನ್ನೊಂದು ಗಾಳಿಯಲ್ಲಿರುವಾಗ: ನಿಂತ ಹಸಿರು ನೆಲದಲ್ಲಿ ಟೇಕ್‌ಆಫ್‌ಗೆ ಅನುಮತಿ, ಗಾಳಿಯಲ್ಲಿ ಇಳಿಯಲು ಅನುಮತಿ; ಮಿನುಗುವ ಕೆಂಪು ನೆಲದಲ್ಲಿ ‘ಲ್ಯಾಂಡಿಂಗ್ ಪ್ರದೇಶದಿಂದ ಆಚೆ ಸರಿಯಿರಿ’, ಗಾಳಿಯಲ್ಲಿ ‘ನಿಲ್ದಾಣ ಅಸುರಕ್ಷಿತ, ಇಳಿಯಬೇಡಿ’. ರೇಡಾರಿಗೆ ವಿಮಾನದ ಗುರುತು ಕಳಿಸುವ ಟ್ರಾನ್ಸ್‌ಪಾಂಡರ್ ಸಂಕೇತಗಳಲ್ಲಿ 7500 ಅಪಹರಣಕ್ಕೆ, 7600 ರೇಡಿಯೊ ಕೆಟ್ಟಾಗ, 7700 ತುರ್ತಿಗೆ. 1934ರ ಏರ್‌ಕ್ರಾಫ್ಟ್ ಕಾಯ್ದೆಯ ಜಾಗಕ್ಕೆ ಭಾರತೀಯ ವಾಯುಯಾನ ಅಧಿನಿಯಮ 2024 ಬಂದು, 2025ರ ಜನವರಿ 1ರಿಂದ ಜಾರಿಯಲ್ಲಿದೆ. ನಿಯಮಗಳು ತಿದ್ದುಪಡಿಯಾಗುತ್ತಲೇ ಇರುವುದರಿಂದ ಡಿಜಿಸಿಎ ಪ್ರಕಟಿಸುವ ಮೂಲ ಪಠ್ಯವನ್ನೇ ನಂಬಿ, ಗೆಳೆಯರ ಫೋಟೊಕಾಪಿಯನ್ನಲ್ಲ.

ಭಾಷೆಯ ಪ್ರಶ್ನೆ ಮತ್ತು ಆರ್‌ಟಿಆರ್

ಪ್ರಶ್ನಪತ್ರಿಕೆ ಇಂಗ್ಲಿಷಿನಲ್ಲಿರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದು ಅಳುಕು ತರಬಹುದು, ಆದರೆ ತಾಂತ್ರಿಕ ಇಂಗ್ಲಿಷಿನ ಪದಗಳು ಎಣಿಕೆಗೆ ಸಿಗುವಷ್ಟೇ. ಒಂದು ಅಧ್ಯಾಯ ಮುಗಿದ ಮೇಲೆ ಅದನ್ನು ಮನೆಯಲ್ಲಿ ಯಾರಿಗಾದರೂ ಕನ್ನಡದಲ್ಲಿ ವಿವರಿಸಿ. ವಿವರಣೆ ಎಲ್ಲಿ ತಡವರಿಸಿತೋ ಅಲ್ಲಿ ನಿಮಗೆ ತಿಳಿದಿಲ್ಲವೆಂದೇ ಅರ್ಥ. ಆಮೇಲೆ ಅದೇ ಅಧ್ಯಾಯದ ಪ್ರಶ್ನೆಗಳನ್ನು ಇಂಗ್ಲಿಷಿನಲ್ಲಿ ಬಿಡಿಸಿ. ‘ನಾಟ್’ (ಅಲ್ಲ), ‘ಎಕ್ಸೆಪ್ಟ್’, ‘ಲೀಸ್ಟ್’ ಎಂಬ ಪುಟ್ಟ ಪದಗಳ ಕೆಳಗೆ ಗೆರೆ ಎಳೆಯುವ ಅಭ್ಯಾಸ ಕಡ್ಡಾಯವಾಗಿ ಇರಲಿ.

ಹಿಂದೆ ದೂರಸಂಪರ್ಕ ಇಲಾಖೆಯ ಕೈಯಲ್ಲಿದ್ದ ಆರ್‌ಟಿಆರ್ ಪ್ರಮಾಣಪತ್ರದ ಜವಾಬ್ದಾರಿಯನ್ನು ಹೊಸ ಅಧಿನಿಯಮ ಡಿಜಿಸಿಎಗೆ ವಹಿಸಿದೆ. ಇದಕ್ಕೆ ಮೌನವಾಗಿ ಓದಿ ಪ್ರಯೋಜನವಿಲ್ಲ. ಇಬ್ಬರು ಎದುರುಬದುರು ಕುಳಿತು, ಒಬ್ಬರು ಕಂಟ್ರೋಲರ್ ಆಗಿ, ಒಬ್ಬರು ಪೈಲಟ್ ಆಗಿ ಗಟ್ಟಿಯಾಗಿ ಮಾತನಾಡಬೇಕು. ಅಂಕಿಗಳನ್ನು ಬಿಡಿಬಿಡಿಯಾಗಿ ಹೇಳಬೇಕು. ಮೂರಕ್ಕೆ ‘ಟ್ರೀ’, ಐದಕ್ಕೆ ‘ಫೈಫ್’, ಒಂಬತ್ತಕ್ಕೆ ‘ನೈನರ್’. ಪದದ ಕೊನೆಗೆ ಸ್ವರ ಸೇರಿಸುವ ನಮ್ಮ ನಾಲಿಗೆಯ ರೂಢಿ ರೇಡಿಯೊದಲ್ಲಿ ಎದ್ದು ಕೇಳುತ್ತದೆ. ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಂಡು ತಿದ್ದಿಕೊಳ್ಳಿ. ಅಪಾಯದ ಕರೆಗೆ ‘ಮೇಡೇ’ ಮೂರು ಬಾರಿ, ತುರ್ತಿನ ಕರೆಗೆ ‘ಪ್ಯಾನ್ ಪ್ಯಾನ್’ ಮೂರು ಬಾರಿ.

ಕೊನೆಯ ತಿಂಗಳು ಮತ್ತು ಪರೀಕ್ಷೆಯ ದಿನ

ಪ್ರಶ್ನಸಂಗ್ರಹವನ್ನು ಕೈಗೆತ್ತಿಕೊಳ್ಳುವ ಕಾಲ ಇದು. ಗಡಿಯಾರ ಇಟ್ಟುಕೊಂಡು ಪೂರ್ತಿ ಪತ್ರಿಕೆ ಬರೆಯಿರಿ. ತಪ್ಪಿದ ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ, ಸರಿಯುತ್ತರದ ಬದಲು ತಪ್ಪಿದ ಕಾರಣದೊಂದಿಗೆ, ಬರೆದಿಡಿ. ಸೂತ್ರ ಮರೆತದ್ದೇ, ಚಿಹ್ನೆ ತಿರುಗಿದ್ದೇ, ಪ್ರಶ್ನೆ ಸರಿಯಾಗಿ ಓದದ್ದೇ ಎಂದು ವಿಂಗಡಿಸಿದರೆ ಯಾವುದಕ್ಕೆ ಮದ್ದು ಬೇಕೆಂದು ತಾನಾಗಿ ಕಾಣುತ್ತದೆ. ಅಭ್ಯಾಸ ಪತ್ರಿಕೆಗಳಲ್ಲಿ ಸತತವಾಗಿ 85ರ ಮೇಲೆ ಬರುವ ತನಕ ಆ ಪತ್ರಿಕೆ ಬರೆಯಲು ಅವಸರಪಡಬೇಡಿ. ಅಪರಿಚಿತ ಕೋಣೆ, ಪರದೆಯ ಮೇಲಿನ ಪ್ರಶ್ನೆ, ಒತ್ತಡ ಎಲ್ಲ ಸೇರಿ ಹತ್ತು ಅಂಕವನ್ನಾದರೂ ತಿನ್ನುತ್ತವೆ.

ಪರೀಕ್ಷೆಯ ಕೋಣೆಯಲ್ಲಿ ಮೊದಲ ಸುತ್ತಿಗೆ ನೇರ ಉತ್ತರದ ಪ್ರಶ್ನೆಗಳನ್ನು ಮುಗಿಸಿ, ಎರಡನೆಯ ಸುತ್ತಿಗೆ ಲೆಕ್ಕಗಳನ್ನು ಹಿಡಿಯಿರಿ. ಒಂದು ಲೆಕ್ಕ ಮೂರು ನಿಮಿಷ ದಾಟಿದರೆ ಗುರುತಿಟ್ಟು ಮುಂದೆ ಹೋಗಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪದ್ಧತಿ ಇಲ್ಲದಿರುವುದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಒಂದು ಪತ್ರಿಕೆ ಕೈತಪ್ಪಿದರೆ ಅದೊಂದನ್ನೇ ಮತ್ತೆ ಬರೆದರಾಯಿತು, ಪಾಸಾದವು ಹಾಗೆಯೇ ಉಳಿಯುತ್ತವೆ. ಆದರೆ ಪಾಸಾದ ಪತ್ರಿಕೆಗಳಿಗೂ ಕಾಲಮಿತಿ ಇರುವುದರಿಂದ ಹಾರಾಟದ ತರಬೇತಿಯ ವೇಳಾಪಟ್ಟಿಯನ್ನು ಅದಕ್ಕೆ ಹೊಂದಿಸಿಕೊಂಡು, ಫಲಿತಾಂಶ ಬಂದ ದಿನವೇ ಅದರ ಪ್ರತಿಯನ್ನು ತೆಗೆದು ಕಂಪ್ಯೂಟರ್ ನಂಬರಿನ ಕಡತದಲ್ಲಿ ಸೇರಿಸಿಡಿ.